ಡೈಪರ್ ರ್ಯಾಶ್ ಹೋಗುತ್ತದೆ, ಮತ್ತೆ ಬರುತ್ತದೆ: ನಿಮ್ಮ ಮಗುವಿಗೆ ಕಾರಣ ಏನಿತ್ತು?

ಕೇಳಿದವರು, ಒಂದೂವರೆ ವರ್ಷದ ಮಗಳ ತಾಯಿ:

ಆರು ವಾರದಿಂದ ಮಗಳಿಗೆ ಡೈಪರ್ ಹಾಕುವ ಜಾಗವೆಲ್ಲ ಕೆಂಪು. ಕ್ರೀಮ್ ಹಚ್ಚಿದರೆ ನಾಲ್ಕು ದಿನ ಕಡಿಮೆ, ಐದನೇ ದಿನ ಮತ್ತೆ ಶುರು. ಡೈಪರ್ ಬ್ರ್ಯಾಂಡ್ ಎರಡು ಸಲ ಬದಲಿಸಿದೆ, ಕ್ರೀಮ್ ಮೂರು ಥರದ್ದು ಆಯಿತು. ಒಬ್ಬರು ಹಲ್ಲು ಬರುತ್ತಿದೆ, ಅದಕ್ಕೇ ಅನ್ನುತ್ತಾರೆ. ಇನ್ನೊಬ್ಬರು ನಾನು ಸರಿಯಾಗಿ ತೊಳೆಯುತ್ತಿಲ್ಲ ಅನ್ನುತ್ತಾರೆ. ಇಷ್ಟು ದಿನ ಎಳೆದ ರ್ಯಾಶ್ ನಿಮ್ಮಲ್ಲಿ ಯಾರ ಮಗುವಿಗಾದರೂ ಬಂದಿತ್ತಾ? ಕೊನೆಗೆ ಕಾರಣ ಹೇಗೆ ಗೊತ್ತಾಯಿತು?

ಇಬ್ಬರು ಮಕ್ಕಳ ತಾಯಿ:

ತೊಳೆಯುತ್ತಿಲ್ಲ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನಾನು ಮಗನಿಗೆ ಪ್ರತಿ ಸಲ ಸೋಪು ಹಾಕಿ ತೊಳೆದು, ತಿಕ್ಕಿ ಒರೆಸಿ, ಇದ್ದ ರ್ಯಾಶನ್ನು ಇನ್ನೂ ಜಾಸ್ತಿ ಮಾಡಿದ್ದೆ.

ನಮ್ಮದು ಎರಡು ತಿಂಗಳು ಎಳೆಯಿತು. ಯಾಕೆ ಗೊತ್ತಾ? ಕಾರಣ ಒಂದಲ್ಲ, ಎರಡಿತ್ತು. ಒಂದರ ಹಿಂದೆ ಇನ್ನೊಂದು.

ಕಿವಿ ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟಿದ್ದರು. ಅದರಿಂದ ಬೇಧಿ ಆಯಿತು, ಬೇಧಿಯಿಂದ ಚರ್ಮ ಕೆಂಪಾಯಿತು. ಅಲ್ಲಿಯವರೆಗೆ ಮಾಮೂಲಿ. ಆದರೆ ಜಿಂಕ್ ಕ್ರೀಮ್‌ಗೆ ಅದು ಜಗ್ಗಲೇ ಇಲ್ಲ. ಡಾಕ್ಟರ್ ತೊಡೆಸಂದು ಬಿಡಿಸಿ ನೋಡಿದರು. ಒಳಗೆಲ್ಲ ಕಡುಗೆಂಪು. ಅದರ ಅಂಚು ದಾಟಿ ಆಚೆ ಚುಕ್ಕೆ ಚುಕ್ಕೆ ಗುಳ್ಳೆಗಳು. "ಇದು ಫಂಗಸ್" ಅಂದರು. ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದಂತೆ, ಆಗ ಕ್ಯಾಂಡಿಡಾ ಅನ್ನುವ ಈ ಫಂಗಸ್‌ಗೆ ಜಾಗ ಸಿಗುತ್ತದೆ. ಕ್ಲೋಟ್ರಿಮಜೋಲ್ ಕ್ರೀಮ್ ಬರೆದುಕೊಟ್ಟರು. ನಾಲ್ಕನೇ ದಿನ ಕೆಂಪು ಹೋಯಿತು, ನಾನು ಹಚ್ಚುವುದು ನಿಲ್ಲಿಸಿದೆ. ಅದೇ ನನ್ನ ತಪ್ಪು. ವಾರದಲ್ಲಿ ಮತ್ತೆ ಬಂತು. ಎರಡನೇ ಸಲ ಹೇಳಿದಷ್ಟು ದಿನವೂ ಹಚ್ಚಿದೆ, ಹೋಯಿತು.

ಹತ್ತು ದಿನ ಬಿಟ್ಟು ನೋಡಿದರೆ ಮತ್ತೆ ಕೆಂಪು! ಅಳುವುದೊಂದು ಬಾಕಿ ನನಗೆ. ಆದರೆ ಈ ಸಲ ಸಂದು ಬಿಡಿಸಿ ನೋಡುವುದು ನನಗೂ ಗೊತ್ತಿತ್ತಲ್ಲ. ಸಂದಿನ ಒಳಗೆ ಚರ್ಮ ಸ್ವಚ್ಛವಾಗಿತ್ತು. ಕೆಂಪಾಗಿದ್ದದ್ದು ಉಬ್ಬಿದ ಭಾಗ ಮಾತ್ರ, ಅದೂ ಒರಟಾಗಿ, ಒಣಗಿದ ಹಾಗೆ. ಅಂದರೆ ಚರ್ಮಕ್ಕೆ ಏನೋ ತಾಗಿ ಆಗುತ್ತಿದೆ. ಅದೇ ಹೊತ್ತಿಗೆ ಮನೆಯಲ್ಲಿ ವೈಪ್ಸ್ ಖಾಲಿಯಾಗಿ, ಆರು ದಿನ ಹತ್ತಿ ಮತ್ತು ಬೆಚ್ಚಗಿನ ನೀರಲ್ಲೇ ಒರೆಸಿದೆ. ಪೂರ್ತಿ ಹೋಯಿತು. ಹೊಸ ಪ್ಯಾಕೆಟ್ ಒಡೆದೆ, ಎರಡನೇ ದಿನ ಮತ್ತೆ ಹಾಜರು. ಪ್ಯಾಕೆಟ್ ಮೇಲೆ ದೊಡ್ಡದಾಗಿ "ಸುವಾಸನೆ ಇಲ್ಲ" ಅಂತ ಇತ್ತು. ಸಣ್ಣ ಅಕ್ಷರದಲ್ಲಿ ಮೀಥೈಲ್‌ಐಸೋಥಯಜೋಲಿನೋನ್ ಅನ್ನುವ ಹೆಸರಿತ್ತು. ವೈಪ್ಸ್ ಕೆಡದ ಹಾಗೆ ಹಾಕುವ ವಸ್ತು ಅದು, ಅಲರ್ಜಿಗೆ ಕುಖ್ಯಾತ. ಒರೆಸಿ ಹಾಗೇ ಬಿಡುವಂಥ ವಸ್ತುಗಳಲ್ಲಿ ಅದನ್ನು ಹಾಕಬಾರದು ಅಂತ ಯುರೋಪಿಯನ್ ಯೂನಿಯನ್ 2017ರಲ್ಲೇ ತಡೆ ಹಾಕಿದೆ. ನಿಮ್ಮ ಪ್ಯಾಕೆಟ್ ಹಿಂದೆಯೂ ಒಮ್ಮೆ ಓದಿ.

ನೀವು ಡೈಪರ್, ಕ್ರೀಮ್ ಎಲ್ಲ ಬದಲಿಸಿದೆ ಅಂದಿರಿ. ಒಟ್ಟಿಗೇ ಬದಲಿಸಿದ್ದರೆ ಯಾವುದರಿಂದ ಕಡಿಮೆಯಾಯಿತು, ಯಾವುದರಿಂದ ಜಾಸ್ತಿಯಾಯಿತು ಅಂತ ಹೇಗೆ ತಿಳಿಯಬೇಕು? ಒಂದನ್ನು ಬದಲಿಸಿ, ನಾಲ್ಕೈದು ದಿನ ನೋಡಿ, ಬರೆದಿಡಿ. ಹಾಗಂತ ಪ್ರಯೋಗ ಮಾಡುತ್ತಾ ಕೂರಬೇಡಿ. ಆರು ವಾರ ಅಂದರೆ ಡಾಕ್ಟರಿಗೆ ತೋರಿಸುವ ಕಾಲ ಯಾವಾಗಲೋ ಆಗಿದೆ. ಜ್ವರ, ಕೀವು, ನೀರು ತುಂಬಿದ ಗುಳ್ಳೆ, ರಕ್ತ ಕಂಡರಂತೂ ಅವತ್ತೇ ಹೋಗಿ.

ಎರಡು ವರ್ಷದ ಮಗನ ಅಪ್ಪ:

ಆ ಮೂರು ಕ್ರೀಮ್‌ಗಳ ಟ್ಯೂಬ್ ತೆಗೆದು ಹೆಸರು ಓದಿ. ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಅಂತ ಇದೆಯಾ? ಎರಡೂ ಸ್ಟೆರಾಯ್ಡ್‌ಗಳು.

ಕೇಳಲು ಕಾರಣ ಇದೆ. ನಮಗೆ ಪರಿಚಯದವರೊಬ್ಬರು ಒಂದು ಟ್ಯೂಬ್ ಕೊಟ್ಟರು. ಫಂಗಸ್‌ಗೆ, ಬ್ಯಾಕ್ಟೀರಿಯಾಕ್ಕೆ, ತುರಿಕೆಗೆ ಎಲ್ಲದಕ್ಕೂ ಒಂದೇ ಮುಲಾಮು. ಹಚ್ಚಿದ ಮರುದಿನವೇ ಕೆಂಪು ಮಾಯ. ಬಿಟ್ಟ ಮರುದಿನ ವಾಪಸ್. ಹೀಗೆ ಒಂದು ತಿಂಗಳು ಕುಣಿದೆವು. ಅದರಲ್ಲಿ ಜೋರಾದ ಸ್ಟೆರಾಯ್ಡ್ ಇದೆ ಅಂತ ಆಮೇಲೆ ಗೊತ್ತಾಯಿತು. ಸ್ಟೆರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಮೇಲೆ ಡೈಪರ್ ಮುಚ್ಚಿರುವುದರಿಂದ ಔಷಧ ಮೈಗೆ ಇಳಿಯುವುದೂ ಹೆಚ್ಚು. ಮಗನ ಚರ್ಮ ತೆಳ್ಳಗಾಗಿತ್ತು. "ನಾಲ್ಕು ದಿನ ಕಡಿಮೆ, ಐದನೇ ದಿನ ಶುರು" ಅಂತ ಓದಿದ ಕೂಡಲೇ ನನಗೆ ಅದೇ ನೆನಪಾಯಿತು.

ಮೂರು ವರ್ಷದ ಮಗಳ ತಾಯಿ:

ನಮ್ಮದು ಬೇರೆಯೇ ಕಥೆ. ತೊಡೆಯಲ್ಲಿ ಏನೂ ಇಲ್ಲ, ಗುದದ ಸುತ್ತ ಮಾತ್ರ ಗೆರೆ ಎಳೆದ ಹಾಗೆ ಕೆಂಪು. ಕಕ್ಕ ಮಾಡಲು ನೋವು, ಅದಕ್ಕೆ ಅವಳು ತಡೆದುಕೊಳ್ಳುತ್ತಿದ್ದಳು. ಎಲ್ಲರೂ ಮಲಬದ್ಧತೆ ಅಂದರು. ಒಂದು ಸಲ ರಕ್ತದ ಗೆರೆ ಕಂಡಾಗ ಓಡಿದೆವು. ಹತ್ತಿಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ! ಗಂಟಲು ನೋವು ತರುವ ಅದೇ ಜಾತಿ. ಅದಕ್ಕೆ ಬಾಯಿಂದ ಕೊಡುವ ಆಂಟಿಬಯಾಟಿಕ್ ಬೇಕಾಯಿತು. ಅಲ್ಲಿಯವರೆಗೆ ಹಚ್ಚಿದ ಕ್ರೀಮ್ ಎಲ್ಲ ದಂಡ.

ಬಟ್ಟೆ ಲಂಗೋಟಿ ಬಳಸುವವರು:

ಬಟ್ಟೆಯದಾದರೆ ಇನ್ನೊಂದು ಸಲ ಬರೀ ನೀರಲ್ಲಿ ಜಾಲಿಸಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬಿಟ್ಟುಬಿಡಿ. ನಮಗೆ ಅಷ್ಟೇ ಸಾಕಾಯಿತು.

ಕೆಲಸಕ್ಕೆ ಹೋಗುವ ತಾಯಿ:

ಬರೆದಿಡುವುದರಿಂದ ನಮಗೆ ಗೊತ್ತಾದದ್ದು ಕೇಳಿ. ಸೋಮವಾರ ಬೆಳಿಗ್ಗೆ ಚರ್ಮ ಚೆನ್ನಾಗಿರುತ್ತಿತ್ತು. ಶುಕ್ರವಾರ ಸಂಜೆ ಮುಟ್ಟಲು ಬಿಡುತ್ತಿರಲಿಲ್ಲ. ಅಂದರೆ ಡೇ ಕೇರ್! ಜಗಳಕ್ಕೆ ಹೋಗದೆ ಸುಮ್ನೆ ವಿಚಾರಿಸಿದೆ. ಮಧ್ಯಾಹ್ನ ಮಲಗಿದ ಮಗುವನ್ನು ಎಬ್ಬಿಸುವುದು ಬೇಡ ಅಂತ ನಾಲ್ಕೈದು ಗಂಟೆ ಒಂದೇ ಡೈಪರ್‌ನಲ್ಲಿ ಬಿಡುತ್ತಿದ್ದರು. ಪಾಪ, ಅವರ ಉದ್ದೇಶ ಒಳ್ಳೆಯದೇ. ಆದರೆ ಮೂತ್ರ ಮತ್ತು ಮಲ ಸೇರಿ ನಿಂತರೆ ಅಮೋನಿಯಾ ಹುಟ್ಟುತ್ತದೆ. ಅದರಿಂದ ಮಲದಲ್ಲಿರುವ ಎಂಜೈಮ್‌ಗಳು ಚುರುಕಾಗಿ ಚರ್ಮವನ್ನೇ ತಿನ್ನುತ್ತವೆ. ಮಲಗಿಸುವ ಮುಂಚೆ ಬದಲಿಸಿ, ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಬಳಿಯಿರಿ ಅಂತ ಕೇಳಿಕೊಂಡೆ. ದಪ್ಪಗೆ ಅಂದರೆ ಗೋಡೆಗೆ ಗಾರೆ ಮೆತ್ತಿದ ಹಾಗೆ. ಮುಂದಿನ ಸಲ ಅದನ್ನು ಪೂರ್ತಿ ಕೆರೆದು ತೆಗೆಯಬಾರದು, ಕೊಳೆಯಾದ ಮೇಲ್ಪದರ ಮಾತ್ರ ತೆಗೆದು ಮತ್ತೆ ಬಳಿಯಬೇಕು. ಮನೆಯಲ್ಲಿದ್ದಾಗ ದಿನಕ್ಕೆ ಎರಡು ಮೂರು ಸಲ ಡೈಪರ್ ಇಲ್ಲದೆ ಬಿಡುತ್ತಿದ್ದೆ. ನೆಲ ಒರೆಸುವ ಕೆಲಸ ಹೆಚ್ಚಾಯಿತು, ಅದು ಬಿಡಿ.

ಒಬ್ಬ ಚಿಕ್ಕಮ್ಮ:

ನಮ್ಮ ಅಕ್ಕನ ಮಗನಿಗೆ ಯಾವ ಕ್ರೀಮೂ ಹಿಡಿಯದಿದ್ದಾಗ, ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್, ಅಂದರೆ ಚರ್ಮ ಕೆಂಪಾಗಿ ಹೊಟ್ಟು ಏಳುವ ಕಾಯಿಲೆ, ಇದೆಯಾ ಅಂತ ಚರ್ಮದ ಡಾಕ್ಟರ್ ಕೇಳಿದರು. ಭಾವನಿಗೆ ಇತ್ತು. ಮಗುವಿಗೂ ಅದೇ. ಡೈಪರ್ ಒಳಗಿನ ತೇವಕ್ಕೆ ಹೊಟ್ಟು ಏಳುವುದಿಲ್ಲ, ಹೊಳೆಯುವ ಕೆಂಪು ಮಾತ್ರ ಕಾಣುತ್ತದೆ. ಅಪರೂಪ, ಆದರೂ ಹೇಳಿದೆ.

ಕೇಳಿದವರು ಮತ್ತೆ:

ಟಾರ್ಚ್ ಹಿಡಿದು ನೋಡಿದೆ. ಸಂದಿನ ಒಳಗೂ ಕೆಂಪಿದೆ. ಹೊಕ್ಕುಳಿನ ಕಡೆ ಐದಾರು ಚುಕ್ಕೆಗಳು. ಶುರುವಾಗುವ ಮುಂಚೆ ಕೆಮ್ಮಿಗೆ ಆಂಟಿಬಯಾಟಿಕ್ ಕೊಟ್ಟಿದ್ದು ಈಗ ನೆನಪಾಯಿತು. ಮತ್ತೆ ಆ ಎರಡನೇ ಟ್ಯೂಬಿನಲ್ಲಿ ಬೀಟಾಮೆಥಾಸೋನ್ ಇದೆ, ಮೂರು ವಾರದಿಂದ ಬಿಟ್ಟು ಬಿಟ್ಟು ಅದನ್ನೇ ಹಚ್ಚುತ್ತಿದ್ದೇನೆ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಮೂರೂ ಟ್ಯೂಬ್, ವೈಪ್ಸ್ ಪ್ಯಾಕೆಟ್ ಎಲ್ಲ ಚೀಲಕ್ಕೆ ಹಾಕಿಟ್ಟೆ. ಇವತ್ತು ರಾತ್ರಿ ಏನು ಹಚ್ಚಲಿ?

ಇಬ್ಬರು ಮಕ್ಕಳ ತಾಯಿ:

ನಾನಾಗಿದ್ದರೆ ಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಬರೀ ಜಿಂಕ್ ಹಚ್ಚುತ್ತಿದ್ದೆ. ಬೆಳಿಗ್ಗೆ ಹೋಗುವ ಮುಂಚೆ ಅದನ್ನೂ ಹಚ್ಚಬೇಡಿ, ಡಾಕ್ಟರಿಗೆ ಚರ್ಮ ಕಾಣಬೇಕಲ್ಲ.