ಅಪ್‌ಡೇಟ್: ಒಲೆಯ ಹಿಂದಿನ ಟೈಲ್ಸ್ ಕೊನೆಗೂ ಗಟ್ಟಿಯಾಗಿ ನಿಂತವು

ಬೇರೆಯವರು ಅರ್ಧಕ್ಕೆ ಬಿಟ್ಟುಹೋದ ಅಡುಗೆಮನೆಯೊಂದನ್ನು ನಾನು ವಹಿಸಿಕೊಂಡಿದ್ದೆ. ಒಲೆಯ ಹಿಂದಿನ ಗೋಡೆಯಲ್ಲಿ 2×4 ಅಡಿಯ ವಿಟ್ರಿಫೈಡ್ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು, ಕೆಲವು ಕಳಚಿಯೇ ಬಂದಿದ್ದವು. ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ.

ಸಿಮೆಂಟ್ ಹಾಲನ್ನೇ ದಪ್ಪಗೆ ಬಳಿಯಿರಿ ಎಂಬ ಸಲಹೆ ಫಲಿಸಲಿಲ್ಲ. ಪರೀಕ್ಷೆಗೆ ಕೂರಿಸಿದ ತುಂಡು ಒಣಗಿದ ಮೇಲೆ ಇಡಿಯಾಗಿ ಕೈಗೆ ಬಂತು. ಈ ಟೈಲ್ ಹೀರುವ ನೀರು ಶೇ 0.5ಕ್ಕಿಂತ ಕಡಿಮೆ, ಸಿಮೆಂಟ್‌ಗೆ ಹಿಡಿತ ಸಿಗುವುದಾದರೂ ಎಲ್ಲಿ? ಟೈಲ್‌ನ ನಾಲ್ಕು ಮೂಲೆಗೆ ಮಾತ್ರ ಸಿಮೆಂಟ್ ಮುದ್ದೆ ಇಡುವ ಉಪಾಯವನ್ನು ನಾನು ಒಪ್ಪಲೇ ಇಲ್ಲ, ನಡುವೆ ಟೊಳ್ಳು ಉಳಿದೇ ಉಳಿಯುತ್ತದೆ.

ಕೆಲಸ ಮಾಡಿದ್ದು ಪಾಲಿಮರ್ ಬೆರೆತ ಟೈಲ್ ಅಂಟು. ಹಲ್ಲಿನ ಕರಣೆಯಿಂದ ಗೋಡೆಯ ಮೇಲೆ ಒಂದೇ ದಿಕ್ಕಿಗೆ ನೇರ ಗೆರೆ ಎಳೆದು, ಟೈಲ್ ಬೆನ್ನಿಗೂ ತೆಳುವಾಗಿ ಸವರಿ, ಗೆರೆಗೆ ಅಡ್ಡಲಾಗಿ ಅಲುಗಾಡಿಸಿ ಒತ್ತಿದೆ. ಒಂದನ್ನು ಕೂಡಲೇ ಕಿತ್ತು ನೋಡಿದಾಗ ಅಂಚಿನವರೆಗೂ ಅಂಟು ಹರಡಿತ್ತು. ಈ ಸಲಹೆ ಕೊಟ್ಟ ಹಿರಿಯ ಮೇಸ್ತ್ರಿಯವರಿಗೆ ಮನಸಾರೆ ನಮಸ್ಕಾರ.

ನನಗೆ ಅಚ್ಚರಿ ತಂದದ್ದು ಟೈಲ್ ಬೆನ್ನಿನ ಬಿಳಿ ಪುಡಿ. ಗೂಡಿನಲ್ಲಿ ಸುಡುವಾಗ ರೋಲರ್‌ಗೆ ಅಂಟದಿರಲೆಂದು ಕಾರ್ಖಾನೆಯಲ್ಲಿ ಬಳಿಯುವ ಲೇಪವಂತೆ ಅದು. ಕಳಚಿದ ಟೈಲ್‌ಗಳ ಬೆನ್ನಿನಲ್ಲಿ ಆ ಪುಡಿ ಹಾಗೆಯೇ ಇತ್ತು. ಒದ್ದೆ ಸ್ಪಂಜಿನಿಂದ ಚೆನ್ನಾಗಿ ಉಜ್ಜಿ ಒರೆಸಿಯೇ ಅಂಟು ಹಚ್ಚಿ.

ಟೈಲ್‌ಗಳ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್ (ರಾಳದಿಂದ ಮಾಡಿದ ಸಂದಿ ತುಂಬುವ ಮಿಶ್ರಣ) ತುಂಬಿದೆ, ಒಗ್ಗರಣೆಯ ಎಣ್ಣೆ ಅದಕ್ಕೆ ಇಳಿಯುವುದಿಲ್ಲ. ಕಟ್ಟೆಯ ಗ್ರಾನೈಟ್ ಗೋಡೆಗೆ ಸೇರುವ ಮೂಲೆಗೆ ಮಾತ್ರ ರಬ್ಬರಿನಂತೆ ಬಾಗುವ ಸಿಲಿಕೋನ್ ಅಂಟು.