‘ಸಂಕೋಚನ’ ಎನ್ನಬಹುದೇ, ಸ್ನಾಯು ಉದ್ದವಾಗುತ್ತಿರುವಾಗಲೂ?

ಮೊಣಕೈ ಮಡಚುವಾಗ ರಟ್ಟೆಯ ಮುಂಭಾಗದ ದ್ವಿಶಿರ ಸ್ನಾಯು, ಅಂದರೆ ಬೈಸೆಪ್ಸ್, ‘ಸಂಕುಚಿಸುತ್ತದೆ’ ಮತ್ತು ಹಿಂಭಾಗದ ತ್ರಿಶಿರ ಸ್ನಾಯು ‘ಹಿಗ್ಗುತ್ತದೆ’ ಎಂದು ಬರೆಯುವುದು ವಾಡಿಕೆ. ಈ ಎರಡು ಕ್ರಿಯಾಪದಗಳೂ ಸರಿಯೇ ಎಂಬ ಅನುಮಾನ ನನಗಿದೆ.

‘ಹಿಗ್ಗು’ ಎಂಬುದನ್ನು ಬಿಡುವುದು ಸುಲಭ. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು; ಎದುರು ಬದಿಯ ಸ್ನಾಯುವೋ ಹೊರಗಿನ ಭಾರವೋ ಎಳೆದಾಗ ಮಾತ್ರ ಅದು ಉದ್ದವಾಗುತ್ತದೆ. ಮಡಚಲು ಒಂದು, ಚಾಚಲು ಇನ್ನೊಂದು ಎಂದು ಜೋಡಿ ಬೇಕಾದದ್ದೂ ಇದಕ್ಕೇ. ಆದ್ದರಿಂದ ‘ಸಡಿಲಾಗುತ್ತದೆ’ ಎಂದರೆ ಸಾಕು.

ತೊಡಕಿರುವುದು ‘ಸಂಕೋಚನ’ದಲ್ಲಿ. ಬಲ ಅಂಗೈಯ ಮೇಲೆ ದಪ್ಪ ಪುಸ್ತಕವೊಂದನ್ನಿಟ್ಟು, ಎಡಗೈ ಬೆರಳುಗಳಿಂದ ಬಲ ರಟ್ಟೆಯನ್ನು ಹಿಡಿದು ನೋಡಿ. ಪುಸ್ತಕವನ್ನು ಮೇಲೆತ್ತುವಾಗ ಮುಂಭಾಗದ ಸ್ನಾಯು ಗಿಡ್ಡವಾಗಿ ಉಬ್ಬುತ್ತದೆ. ಮುಂಗೈಯನ್ನು ನೆಲಕ್ಕೆ ಸಮನಾಗಿ ಅಲುಗಿಸದೆ ಹಿಡಿದರೆ ಉದ್ದ ಬದಲಾಗುವುದಿಲ್ಲ, ಆದರೂ ಅದು ಗಟ್ಟಿಯಾಗಿಯೇ ಇರುತ್ತದೆ. ಇನ್ನು ಪುಸ್ತಕವನ್ನು ನಿಧಾನವಾಗಿ ಕೆಳಗಿಳಿಸುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿದಿರುತ್ತದೆ. ಕೈ ಚಾಚಿಕೊಳ್ಳುತ್ತಿದ್ದರೂ ಹಿಂಭಾಗದ ತ್ರಿಶಿರ ಬೆರಳಿಗೆ ಮೆತ್ತಗೇ ಸಿಗುತ್ತದೆ, ಏಕೆಂದರೆ ಚಾಚಿಸುತ್ತಿರುವುದು ಪುಸ್ತಕದ ತೂಕ. ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಿದರೆ ಮಾತ್ರ ತ್ರಿಶಿರ ಬಿಗಿಯುತ್ತದೆ. ಈ ಮೂರು ಸ್ಥಿತಿಗಳನ್ನೂ ‘ಸಂಕೋಚನ’ ಎಂದೇ ಕರೆದರೆ, ಉದ್ದವಾಗುವ ಸಂಕೋಚನ ಎಂಬ ವಿಚಿತ್ರವನ್ನು ಓದುಗರು ನುಂಗಬೇಕಾಗುತ್ತದೆ. ಹೃದಯದ ಮಟ್ಟಿಗೆ ಆ ಪದ ಒಪ್ಪುತ್ತದೆ, ಅಲ್ಲಿ ಕೋಣೆ ನಿಜಕ್ಕೂ ಕುಗ್ಗುತ್ತದೆ.

ಮೂರರಲ್ಲೂ ಸಮಾನವಾಗಿರುವುದು ಬಿಗಿ. ಅದು ಸಣ್ಣ ಬಿಗಿಯೂ ಅಲ್ಲ: ದ್ವಿಶಿರದ ತುದಿ ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈ ಕೀಲಿನಿಂದ ಸುಮಾರು 4–5 ಸೆಂ.ಮೀ. ದೂರದಲ್ಲಿ, ಪುಸ್ತಕವಿರುವುದು ಅದರ ಏಳೆಂಟು ಪಟ್ಟು ದೂರದಲ್ಲಿ. ಹೀಗಾಗಿ 1 ಕೆ.ಜಿ. ಪುಸ್ತಕವನ್ನು ಹಿಡಿದಿಡಲು ರಟ್ಟೆ ಏಳೆಂಟು ಕೆ.ಜಿ. ತೂಕದಷ್ಟು ಎಳೆಯಬೇಕು. (ಈ ಎಳೆತದಲ್ಲಿ ದೊಡ್ಡ ಪಾಲು ದ್ವಿಶಿರದ ಅಡಿಯಲ್ಲಿರುವ ಬ್ರೇಕಿಯಾಲಿಸ್‌ನದು, ಹೆಸರು ಮಾತ್ರ ಮೇಲೆ ಕಾಣುವವನಿಗೆ.)

‘ಬಿಗಿಯುತ್ತದೆ’ ಎಂಬ ಕ್ರಿಯಾಪದ ಚೆನ್ನಾಗಿ ಹೊಂದುತ್ತದೆ, ನಾಮಪದ ಸಿಗುತ್ತಿಲ್ಲ. ‘ಸ್ನಾಯು ಬಿಗಿತ’ ಎಂದರೆ ನೋವಿನ ದೂರು ಹೇಳಿದಂತಾಗುತ್ತದೆ. ‘ಬಿಗುವು’ ನನಗೆ ಹಿಡಿಸಿದೆ: ಕುಗ್ಗುವ ಬಿಗುವು, ನಿಂತ ಬಿಗುವು, ನೀಳುವ ಬಿಗುವು ಎಂದು ಮೂರನ್ನೂ ಬೇರ್ಪಡಿಸಬಹುದು. ಆದರೆ ಪತ್ರಿಕೆಗಳ ‘ಬಿಗುವಿನ ವಾತಾವರಣ’ ಕಿವಿಯಲ್ಲಿ ಕೂತಿರುವಾಗ ಈ ಪದವನ್ನು ಓದುಗರು ರಟ್ಟೆಗೆ ಅನ್ವಯಿಸಿಕೊಂಡಾರೆಯೇ? ವ್ಯಾಯಾಮ ಹೇಳಿಕೊಡುವವರ ಬಾಯಲ್ಲಿ ಇದಕ್ಕಿಂತ ಸಹಜವಾದ ಮಾತೇನಾದರೂ ಇದ್ದರೆ ತಿಳಿಸಬೇಕೆಂದು ಕೋರುತ್ತೇನೆ.