ಅಪ್‌ಡೇಟ್: ವಿಲೀನದ ನಂತರ ಗ್ರಾಹಕ ಸಂಖ್ಯೆಗಳ ಜೋಡಣೆ

ವಿಲೀನಗೊಂಡ ನಮ್ಮ ಎರಡು ಸಂಸ್ಥೆಗಳಲ್ಲಿ ಒಂದೇ ಗ್ರಾಹಕ ಸಂಖ್ಯೆ ಇಬ್ಬರಿಗಿರುವಾಗ ಎಲ್ಲರಿಗೂ ಹೊಸದನ್ನು ಕೊಡಬೇಕೇ ಎಂದು ಕೇಳಿದ್ದೆ. ಕೆನರಾ ಬ್ಯಾಂಕಿನ ಕ್ರಮವನ್ನು ಗಮನಿಸಲು ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಅದರಲ್ಲಿ ವಿಲೀನವಾದ ಮೇಲೆ ‘ಎಸ್‌ವೈಎನ್‌ಬಿ’ ಎಂದು ಆರಂಭವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡ್‌ಗಳು (ಹಣ ವರ್ಗಾವಣೆಗೆ ಶಾಖೆಯನ್ನು ಗುರುತಿಸುವ ಸಂಕೇತಗಳು) ‘ಸಿಎನ್‌ಆರ್‌ಬಿ’ಯಿಂದ ಆರಂಭವಾಗುವಂತೆ ಬದಲಾದವು. ಶಾಖೆಯ ಹಳೆಯ ಅಂಕಿಗೆ 10000 ಕೂಡಿಸಿದ್ದರಿಂದ ಮೂಲ ಸಂಖ್ಯೆ ಹೊಸದರಲ್ಲೂ ಗುರುತು ಸಿಗುವಂತೆ ಉಳಿಯಿತು. ನಾವೂ ಚಿಕ್ಕ ಸಂಸ್ಥೆಯ ಸಂಖ್ಯೆಗಳಿಗೆ ಮಾತ್ರ ಮುಂದೊಂದು ಅಂಕಿ ಸೇರಿಸಿ, ಹಳೆಯ ಸಂಖ್ಯೆಯನ್ನು ಪ್ರತ್ಯೇಕ ಕಾಲಂನಲ್ಲಿ ಉಳಿಸಿದ್ದೇವೆ; ಹಳೆಯ ಪಾಸ್‌ಬುಕ್ ಹಿಡಿದು ಬರುವ ಹಿರಿಯರ ಖಾತೆ ಈಗ ಕೌಂಟರಿನಲ್ಲೇ ಸಿಗುತ್ತಿದೆ.

ಎರಡೂ ಕಡೆ ಖಾತೆಯಿರುವವರದೇ ನಿಜವಾದ ಕಷ್ಟ. ಒಂದರಲ್ಲಿ ‘ಕೆ. ಎಸ್. ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ಕೆ ಎಸ್’ ಎಂದಿರುವಾಗ ಹೆಸರನ್ನು ನಂಬುವಂತಿಲ್ಲ. ಪ್ಯಾನ್ ಹಾಗೂ ಜನ್ಮದಿನಾಂಕ ಎರಡೂ ತಾಳೆಯಾದರೂ, ಸಿಬ್ಬಂದಿ ಪರಿಶೀಲಿಸದೆ ಯಾವ ಖಾತೆಯನ್ನೂ ಒಗ್ಗೂಡಿಸುತ್ತಿಲ್ಲ.